ನಮ್ಮ ವಾರ ಯಾರ ಕೈಗೆ

ಟೈಮ್‌ಶೇರ್ ಇರುವವರಲ್ಲಿ ಯಾವ ಎಕ್ಸ್‌ಚೇಂಜ್ ಕಂಪನಿಗೆ ಹೆಚ್ಚು ಜನ ಎಂದು ಕೇಳಿದರೆ ಉತ್ತರಕ್ಕೆ ತಡಕಾಡಬೇಕಿಲ್ಲ. ಆಗಲೂ ಆರ್‌ಸಿಐ, ಈಗಲೂ ಆರ್‌ಸಿಐ. ಅದರ ಸದಸ್ಯರು ಸುಮಾರು 35 ಲಕ್ಷ, ಇಂಟರ್ವಲ್ ಇಂಟರ್‌ನ್ಯಾಷನಲ್‌ನವರು ಅದರ ಅರ್ಧದ ಆಸುಪಾಸು. ರೆಸಾರ್ಟುಗಳ ಲೆಕ್ಕ ಹಾಕಿದರೂ ಆರ್‌ಸಿಐ ಮುಂದೆ. ಎರಡೂ ಕಡೆ ಸದಸ್ಯತ್ವ ಇಟ್ಟುಕೊಂಡು, ಎರಡು ದಶಕಕ್ಕೂ ಹೆಚ್ಚು ಕಾಲ ವಾರ ಕೊಟ್ಟು ವಾರ ತೆಗೆದುಕೊಂಡ ನನಗೆ ಆ ಲೆಕ್ಕದ ಮೇಲೆ ಅಷ್ಟು ಭರವಸೆಯಿಲ್ಲ. ಆ ಲಕ್ಷಾಂತರ ಜನರಲ್ಲಿ ಹೆಚ್ಚಿನವರು ತಾವಾಗಿ ನೋಡಿ, ತೂಗಿ ಸೇರಿದವರಲ್ಲ. ರೆಸಾರ್ಟ್ ಕಟ್ಟಿದವನು ಯಾವ ಕಂಪನಿಯ ಜೊತೆ ಕರಾರು ಮಾಡಿಕೊಂಡಿದ್ದನೋ ಆ ಕಂಪನಿಯ ಸದಸ್ಯತ್ವ ಕ್ರಯದ ಕಾಗದಗಳ ಜೊತೆಗೇ ಅವರ ಕೈಗೆ ಬಂತು. ಯಾರಿಗೆ ಯಾವುದರ ಮೇಲೆ ನಂಬಿಕೆಯಿತ್ತು ಎನ್ನುವುದನ್ನು ಬೇರೆ ಕಡೆ ಹುಡುಕಬೇಕು.

ಇದು ನಡೆಯುವ ರೀತಿಯನ್ನು ಮೊದಲು ಹೇಳಿಬಿಡುತ್ತೇನೆ. ರೆಸಾರ್ಟಿನ ಒಂದೊಂದು ಅಪಾರ್ಟ್‌ಮೆಂಟನ್ನೂ ವಾರಗಳ ಲೆಕ್ಕದಲ್ಲಿ ಬೇರೆಬೇರೆಯವರಿಗೆ ಮಾರುತ್ತಾರೆ. ಅಮೆರಿಕದ ಹಳೆಯ ಟೈಮ್‌ಶೇರುಗಳಲ್ಲಿ ಮನೆ ಕೊಂಡಂತೆಯೇ ಡೀಡ್ ಇರುತ್ತದೆ, ಕೌಂಟಿ ಕಚೇರಿಯಲ್ಲಿ ನೋಂದಣಿಯೂ ಆಗುತ್ತದೆ. ಕೊಳ್ಳುವಾಗ ಒಂದು ದೊಡ್ಡ ಮೊತ್ತ, ಆಮೇಲೆ ಪ್ರತಿ ವರ್ಷ ಮೇಂಟೆನೆನ್ಸ್ ಫೀ. ವಾರ ನಿಮ್ಮದು. ಆದರೆ ವರ್ಷ ವರ್ಷವೂ ಅದೇ ಊರಿಗೆ, ಅದೇ ಮನೆಗೆ ಹೋಗಿ ಕೂರಲು ಯಾರಿಗೆ ಮನಸ್ಸಾಗುತ್ತದೆ? ಅದಕ್ಕೇ ಎಕ್ಸ್‌ಚೇಂಜ್. ನಿಮ್ಮ ವಾರವನ್ನು ಕಂಪನಿಗೆ ಡೆಪಾಸಿಟ್ ಮಾಡಿ, ಫೀ ಕಟ್ಟಿ, ಇನ್ನೊಬ್ಬರು ಇನ್ನೆಲ್ಲೋ ಡೆಪಾಸಿಟ್ ಮಾಡಿದ ವಾರವನ್ನು ತೆಗೆದುಕೊಳ್ಳಬಹುದು. ನಮ್ಮ ಕಡೆಯ ಚೀಟಿ ವ್ಯವಹಾರದ ಹಾಗೆ, ಎಲ್ಲರೂ ಸರಿಯಾಗಿ ಕಟ್ಟಿದರೆ ಮಾತ್ರ ಎತ್ತುವವರಿಗೆ ಏನಾದರೂ ಸಿಗುತ್ತದೆ. ಕಂಪನಿಯ ಹತ್ತಿರ ಸ್ವಂತದ್ದು ಅಂತ ಒಂದು ಕೋಣೆಯೂ ಇರಬೇಕಾಗಿಲ್ಲ.

ತೊಂಬತ್ತರ ದಶಕದ ಕೊನೆಗೆ ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತಲಿನ ಕನ್ನಡ ಸಂಸಾರಗಳಲ್ಲಿ ಟೈಮ್‌ಶೇರ್ ಕೊಂಡವರು ಬೇಕಾದಷ್ಟು ಜನ ಇದ್ದರು. ವೈಟೂಕೆ ಕಂಪ್ಯೂಟರ್ ಕೆಲಸಕ್ಕೆಂದು ಬಂದು ಗ್ರೀನ್ ಕಾರ್ಡಿಗೆ ಕಾಯುತ್ತಿದ್ದವರು, ಮಕ್ಕಳನ್ನು ಆಗತಾನೇ ಶಾಲೆಗೆ ಸೇರಿಸಿದವರು, ಬೇಸಿಗೆಗೆ ಊರಿನಿಂದ ಅಪ್ಪ ಅಮ್ಮನನ್ನೋ ಅತ್ತೆ ಮಾವನನ್ನೋ ಕರೆಸಿಕೊಳ್ಳುತ್ತಿದ್ದವರು. ಆರು ಜನ ಹೋಟೆಲಿನಲ್ಲಿ ಇಳಿದರೆ ಎರಡು ರೂಮು ಬೇಕು, ಮೂರು ಹೊತ್ತೂ ಹೊರಗೆ ತಿನ್ನಬೇಕು. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ನಮ್ಮ ಮಾವನವರು ಆರ್ಲಾಂಡೋದ ಹೋಟೆಲಿನಲ್ಲಿ ಏನು ತಿನ್ನಬೇಕಿತ್ತು? ಟೈಮ್‌ಶೇರ್ ಎಂದರೆ ಎರಡು ಬೆಡ್‌ರೂಮು, ಒಂದು ಹಾಲು, ಪಾತ್ರೆ ಪಡಗದ ಸಮೇತ ಅಡುಗೆಮನೆ, ಬಟ್ಟೆ ಒಗೆಯುವ ಮಷೀನು. ನಮ್ಮವರನ್ನು ಇದಕ್ಕೆ ಎಳೆದದ್ದು ಈಜುಕೊಳವಲ್ಲ, ಆ ಅಡುಗೆಮನೆ.

ಸೂಟ್‌ಕೇಸಿನಲ್ಲಿ ಮೂರು ಲೀಟರಿನ ಕುಕ್ಕರು, ಸಾರಿನ ಪುಡಿ, ಹುಣಸೆಹಣ್ಣು, ಒಗ್ಗರಣೆ ಸೌಟು, ಸೋನಾ ಮಸೂರಿ ಅಕ್ಕಿಯ ಚೀಲ. ಅಲ್ಲಿನ ಕಾಯಿಲ್ ಒಲೆ ಬಿಸಿಯಾಗುವುದೂ ನಿಧಾನ, ಆರುವುದೂ ನಿಧಾನ. ಸಾಸಿವೆ ಸಿಡಿಯುವಷ್ಟು ಎಣ್ಣೆ ಕಾಯುವ ಹೊತ್ತಿಗೆ ಹೊಗೆಯೆದ್ದು ಸ್ಮೋಕ್ ಅಲಾರ್ಮ್ ಕಿರುಚಿಕೊಳ್ಳುತ್ತಿತ್ತು. ಹಾಗಾಗಿ ಮೆಣಸಿನಕಾಯಿ ಹಾಕುವ ಮೊದಲು ಬಾಲ್ಕನಿ ಬಾಗಿಲು ತೆಗೆದು, ಎಕ್ಸಾಸ್ಟ್ ಹಾಕಿ, ಮಕ್ಕಳಲ್ಲಿ ಒಬ್ಬರನ್ನು ಟವೆಲ್ ಬೀಸಲು ಅಲಾರ್ಮಿನ ಕೆಳಗೆ ನಿಲ್ಲಿಸುವುದು ನಮ್ಮಲ್ಲಿ ಎಲ್ಲರಿಗೂ ರೂಢಿಯಾಗಿತ್ತು. ಬಿಸಿ ಸಾರನ್ನ ಉಂಡು ಹಿರಿಯರು ಮಲಗಿದ ಮೇಲೆ ನಾವು ಡಿಸ್ನಿಗೆ ಹೊರಡುತ್ತಿದ್ದೆವು. ಹೋಟೆಲಿಗೆ ಕೊಡುವ ದುಡ್ಡಿನ ಲೆಕ್ಕ ಹಾಕುವವರು ಈ ಲೆಕ್ಕವನ್ನೂ ಹಾಕಬೇಕು.

ಮಾರುವವರು ಮಾರುತ್ತಿದ್ದದ್ದೂ ತಮ್ಮ ರೆಸಾರ್ಟನ್ನಲ್ಲ. ತೊಂಬತ್ತು ನಿಮಿಷ ಕೂತು ಕೇಳಿದರೆ ಡಿಸ್ನಿ ಟಿಕೆಟ್ ಉಚಿತ ಎಂದು ಕರೆಯುತ್ತಿದ್ದರು. ಒಂದು ದುಂಡು ಮೇಜು, ಕಾಫಿ, ಎದುರಿಗೆ ಒಬ್ಬ ಸೇಲ್ಸ್‌ಮನ್. ಅವನ ಕೈಯಲ್ಲಿ ಎಕ್ಸ್‌ಚೇಂಜ್ ಕಂಪನಿಯ ದಪ್ಪ ಡೈರೆಕ್ಟರಿ. ನೀವು ಕೊಳ್ಳುತ್ತಿರುವುದು ಈ ರೆಸಾರ್ಟಿನ ವಾರವನ್ನಲ್ಲ, ಈ ಪುಸ್ತಕವನ್ನು ಎಂದು ಅವನು ಹವಾಯಿ, ಸ್ಪೇನ್, ಸ್ವಿಟ್ಜರ್ಲೆಂಡಿನ ಪುಟಗಳನ್ನು ತಿರುಗಿಸಿ ತೋರಿಸುತ್ತಿದ್ದ. ಎಕ್ಸ್‌ಚೇಂಜ್ ಇಲ್ಲದಿದ್ದರೆ ಆ ಮೇಜಿನ ಮೇಲೆ ಅರ್ಧದಷ್ಟು ವ್ಯಾಪಾರವೂ ಆಗುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ರೆಸಾರ್ಟ್ ಕಟ್ಟುವವರಿಗೆ ಆರ್‌ಸಿಐಯೋ ಇಂಟರ್ವಲ್ಲೋ ಬೇಕೇಬೇಕಾಗಿದ್ದದ್ದು ಇದಕ್ಕೆ.

ನಾವು ಕೊಂಡದ್ದು ಪೆನ್ಸಿಲ್ವೇನಿಯಾದ ಪೋಕೋನೋಸ್ ಗುಡ್ಡಗಳಲ್ಲಿ, ಜುಲೈ ತಿಂಗಳ ಒಂದು ವಾರ. ಎಡಿಸನ್ನಿನಿಂದ ಕಾರಿನಲ್ಲಿ ಬೆಳಗಿನ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಅಲ್ಲಿ. ಆ ರೆಸಾರ್ಟು ಎರಡೂ ಕಂಪನಿಗಳ ಜೊತೆ ಕರಾರು ಮಾಡಿಕೊಂಡಿತ್ತು. ಅಂಥವು ಕಡಿಮೆ. ಹಾಗಾಗಿ ಒಂದು ವರ್ಷ ಅಲ್ಲಿ, ಇನ್ನೊಂದು ವರ್ಷ ಇಲ್ಲಿ ಎಂದು ವಾರ ಕೊಟ್ಟು ಹೋಲಿಸಿ ನೋಡುವ ಅವಕಾಶ ನಮಗೆ ಸಿಕ್ಕಿತು. ಬುಕಿಂಗಿನ ಕೆಲಸ ಮೊದಲಿನಿಂದಲೂ ನನ್ನದೇ. ನಮ್ಮವರಿಗೆ ಫೋನಿನಲ್ಲಿ ಕಾಯುವ ತಾಳ್ಮೆಯಿಲ್ಲ.

ಆಗ ಎಲ್ಲ ಫೋನಿನಲ್ಲೇ. ಡೈರೆಕ್ಟರಿ ತೊಡೆಯ ಮೇಲೆ, ಪೆನ್ಸಿಲ್ಲು ಕೈಯಲ್ಲಿ. ಪ್ರತಿ ರೆಸಾರ್ಟಿಗೂ ಒಂದು ಅಂಚೆಚೀಟಿಯಷ್ಟು ಚಿತ್ರ, ನಾಲ್ಕು ಸಾಲು ವಿವರ, ಪಕ್ಕದಲ್ಲಿ ಸಣ್ಣ ಸಣ್ಣ ಗುರುತುಗಳು: ಈಜುಕೊಳ, ಟೆನಿಸ್, ಅಡುಗೆಮನೆ ಪೂರ್ತಿಯೋ ಅರ್ಧವೋ. ನಾನು ಮೊದಲು ನೋಡುತ್ತಿದ್ದದ್ದು ಆ ಕೊನೆಯ ಗುರುತನ್ನು. ಆರ್‌ಸಿಐಯಲ್ಲಿ ವಾರಗಳಿಗೆ ಕೆಂಪು, ಬಿಳಿ, ನೀಲಿ ಬಣ್ಣ. ಇಂಟರ್ವಲ್ಲಿನಲ್ಲಿ ಕೆಂಪು, ಹಳದಿ, ಹಸಿರು. ಎರಡರಲ್ಲೂ ಕೆಂಪೆಂದರೆ ಬೇಡಿಕೆಯ ಕಾಲ. ಬೇಕಾದ ಊರು, ಬೇಕಾದ ತಾರೀಖು ಹೇಳಿದರೆ ಆ ಕಡೆಯ ಹೆಂಗಸು ಕಂಪ್ಯೂಟರಿನಲ್ಲಿ ನೋಡಿ ಇದೆ ಅಥವಾ ಇಲ್ಲ ಎನ್ನುತ್ತಿದ್ದಳು. ಇಲ್ಲ ಎಂದರೆ ಏಕೆ ಇಲ್ಲ ಎಂದು ತಿಳಿಯುವ ದಾರಿಯಿರಲಿಲ್ಲ. ನಿಜವಾಗಿ ಯಾರೂ ಆ ವಾರ ಕೊಟ್ಟಿಲ್ಲವೋ, ಕೊಟ್ಟಿದ್ದರೂ ನಮ್ಮ ವಾರದ ಬೆಲೆ ಅದಕ್ಕೆ ಸಾಲದೋ ಎಂಬುದು ಕಂಪನಿಗೆ ಮಾತ್ರ ಗೊತ್ತು. ನಮ್ಮ ವಾರದ ಟ್ರೇಡಿಂಗ್ ಪವರ್ ಎಷ್ಟು ಎಂದು ಕೇಳಿದರೆ ಹೇಳುವ ಹಾಗಿಲ್ಲ ಎನ್ನುತ್ತಿದ್ದರು. ನಮ್ಮ ಆಸ್ತಿಗೆ ಅವರು ಕಟ್ಟಿದ ಬೆಲೆಯನ್ನು ನಮ್ಮಿಂದಲೇ ಮುಚ್ಚಿಡುತ್ತಿದ್ದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮಾಹಿತಿ ಸಿಗುತ್ತಿದ್ದದ್ದು ಕನ್ನಡ ಕೂಟದಲ್ಲಿ. ಯುಗಾದಿ ಊಟಕ್ಕೋ ರಾಜ್ಯೋತ್ಸವಕ್ಕೋ ಯಾವುದಾದರೂ ಹೈಸ್ಕೂಲಿನ ಹಾಲಿನಲ್ಲಿ ಸೇರಿದಾಗ, ಚಿತ್ರಾನ್ನದ ತಟ್ಟೆ ಹಿಡಿದು ನಿಂತವರ ನಡುವೆ ಈ ಮಾತು ಬಂದೇ ಬರುತ್ತಿತ್ತು.

"ಏನಮ್ಮಾ, ನಿಮ್ಮದು ಆರ್‌ಸಿಐಯೋ ಇಂಟರ್ವಲ್ಲೋ?" ಎಂದು ನನ್ನನ್ನು ಮೊದಲು ಕೇಳಿದವರು ಕೂಟದ ಹಿರಿಯರೊಬ್ಬರು. ಊರಿನಲ್ಲಿ ಬ್ಯಾಂಕ್ ಮ್ಯಾನೇಜರಾಗಿದ್ದು ನಿವೃತ್ತಿಯ ಮೇಲೆ ಮಗಳ ಮನೆಗೆ ಬಂದು ನೆಲೆಸಿದವರು. ಇಡೀ ಮನೆಯ ಎಕ್ಸ್‌ಚೇಂಜ್ ವ್ಯವಹಾರ ಅವರ ಕೈಯಲ್ಲಿತ್ತು.

"ಎರಡೂ ಇದೆ ಅಂಕಲ್."

"ಹಾಗಿದ್ದರೆ ಒಂದು ಮಾತು ತಿಳಕೊಳ್ಳಿ. ದೂರದ ಊರಿಗೆ, ಹೊರದೇಶಕ್ಕೆ ಹೋಗೋದಾದರೆ ಆರ್‌ಸಿಐಗೆ ಕೊಡಿ, ಊರು ಜಾಸ್ತಿ. ಒಳ್ಳೇ ಮನೆ ಬೇಕು, ಊರು ಯಾವುದಾದರೂ ಸರಿ ಅಂದರೆ ಇಂಟರ್ವಲ್. ಜುಲೈ ವಾರವನ್ನ ಮಾತ್ರ ಕೊನೇ ಗಳಿಗೇಲಿ ಕೊಡಬೇಡಿ. ವರ್ಷ ಮೊದಲೇ ಡೆಪಾಸಿಟ್ ಮಾಡಿ."

ಆ ಕಾಲಕ್ಕೆ ಇದಕ್ಕಿಂತ ಸರಿಯಾದ ಹೋಲಿಕೆಯನ್ನು ಯಾವ ಪತ್ರಿಕೆಯಲ್ಲೂ ನಾನು ಓದಲಿಲ್ಲ. ಮ್ಯಾರಿಯಟ್, ಹಯಾಟ್‌ನಂಥ ಹೋಟೆಲ್ ಹೆಸರಿನ ರೆಸಾರ್ಟುಗಳು ಇಂಟರ್ವಲ್ಲಿನಲ್ಲಿದ್ದವು. ಸಂಖ್ಯೆ ಕಡಿಮೆಯಾದರೂ ಮನೆಗಳು ಚೆನ್ನ. ಆರ್‌ಸಿಐಯಲ್ಲಿ ಹಿಲ್ಟನ್ ಇತ್ತು, ಅದರ ಜೊತೆಗೇ ಎಪ್ಪತ್ತರ ದಶಕದಲ್ಲಿ ಕಟ್ಟಿದ ಹಳೆಯ ಸಣ್ಣ ರೆಸಾರ್ಟುಗಳೂ ಇದ್ದವು. ಯೂರೋಪಿನಲ್ಲಿ ಊರೂರಿಗೂ ಏನಾದರೊಂದು ಸಿಗುತ್ತಿತ್ತು. ಇನ್ನೊಂದು ವ್ಯತ್ಯಾಸ ನಿಯಮದ್ದು. ಇಂಟರ್ವಲ್ಲಿನಲ್ಲಿ ನಮ್ಮ ವಾರವನ್ನು ಕೈಬಿಡದೆಯೇ ಮೊದಲು ಕೇಳಿಕೆ ಹಾಕಬಹುದಿತ್ತು. ಬೇಕಾದದ್ದು ಸಿಕ್ಕಿದಾಗ ಮಾತ್ರ ನಮ್ಮ ವಾರ ಅವರಿಗೆ. ಸಿಗದಿದ್ದರೆ ನಮ್ಮ ಪೋಕೋನೋಸ್ ನಮಗೇ ಉಳಿಯುತ್ತಿತ್ತು. ಆರ್‌ಸಿಐಯಲ್ಲಿ ಮೊದಲು ಡೆಪಾಸಿಟ್, ಆಮೇಲೆ ಹುಡುಕಾಟ. ಒಮ್ಮೆ ಕೊಟ್ಟ ಮೇಲೆ ಆ ವಾರ ವಾಪಸ್ ಬರುವುದಿಲ್ಲ. ಶಾಲೆಯ ರಜೆಗೆ ಕಟ್ಟುಬಿದ್ದ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ.

ಹೊರಡಲು ಐವತ್ತೊಂಬತ್ತು ದಿನ ಇರುವಾಗಿನಿಂದ ಇಂಟರ್ವಲ್ಲಿನಲ್ಲಿ ಫ್ಲೆಕ್ಸ್‌ಚೇಂಜ್ ಎಂಬ ಅವಧಿ ಶುರುವಾಗುತ್ತದೆ. ಆಗ ಸಾಧಾರಣ ವಾರ ಕೊಟ್ಟೂ ಉತ್ತಮ ವಾರ ಪಡೆಯಬಹುದು. ಖಾಲಿ ಉಳಿದ ಮನೆ ಯಾರಿಗೂ ಲಾಭವಿಲ್ಲವಲ್ಲ. ಮಕ್ಕಳಿಲ್ಲದವರು, ನಿವೃತ್ತರು, ಕಾರಿನಲ್ಲಿ ಹೋಗಿಬರುವ ದೂರಕ್ಕೆ ತೃಪ್ತಿಪಡುವವರು ಇದನ್ನು ಚೆನ್ನಾಗಿ ಬಳಸಿಕೊಂಡರು. ವಿಮಾನದ ಟಿಕೆಟ್ ಮೊದಲೇ ಕೊಳ್ಳಬೇಕಾದವರಿಗೆ ಅದರಿಂದ ಪ್ರಯೋಜನ ಕಡಿಮೆ.

ಚಾಲಾಕಿನವರು ಇನ್ನೂ ಮುಂದೆ ಹೋಗಿದ್ದರು. ದಕ್ಷಿಣ ಆಫ್ರಿಕಾದ ರೆಸಾರ್ಟುಗಳ ವಾರಗಳು ಅಗ್ಗ, ಮೇಂಟೆನೆನ್ಸ್ ಫೀ ರ್‍ಯಾಂಡಿನಲ್ಲಿ, ಅದೂ ಅಗ್ಗ. ಆದರೆ ಒಳ್ಳೆಯ ಕಾಲದ ವಾರವಾದರೆ ಆರ್‌ಸಿಐಯಲ್ಲಿ ಅದಕ್ಕೆ ಬೆಲೆ ಜೋರು. ಆ ದೇಶಕ್ಕೆ ಕಾಲಿಡದೆಯೇ ಅಲ್ಲಿ ವಾರ ಕೊಂಡು, ಅದನ್ನು ಡೆಪಾಸಿಟ್ ಮಾಡಿ ಫ್ಲಾರಿಡಾಕ್ಕೆ ಹೋಗಿಬರುತ್ತಿದ್ದ ಕುಟುಂಬಗಳು ನಮ್ಮ ಕೂಟದಲ್ಲೂ ಇದ್ದವು. ಆರ್‌ಸಿಐಯನ್ನು ಮೆಚ್ಚಿ ಮಾತಾಡುತ್ತಿದ್ದವರಲ್ಲಿ ಇವರದೇ ಮೊದಲ ಸಾಲು. ಹೀಗಾಗಿ ಯಾರಾದರೂ ಯಾವುದೋ ಕಂಪನಿಯನ್ನು ಹೊಗಳಿದರೆ ಅವರ ವಾರ ಎಲ್ಲಿಯದು ಎಂದು ಮೊದಲು ಕೇಳುವ ಅಭ್ಯಾಸ ನನಗೆ ಬಂತು. ಆರ್ಲಾಂಡೋದಲ್ಲಿ ವಾರ ಇದ್ದವರು ಎರಡೂ ಕಂಪನಿಗಳನ್ನು ಬೈಯುತ್ತಿದ್ದರು. ಅಲ್ಲಿ ಕಟ್ಟಿದ ಮನೆಗಳು ಅಷ್ಟು ಹೆಚ್ಚು, ಶಾಲೆ ನಡೆಯುವ ತಿಂಗಳುಗಳಲ್ಲಿ ಆ ವಾರಕ್ಕೆ ಬೇಡಿಕೆ ಅಷ್ಟು ಕಡಿಮೆ.

ಕಂಪನಿಗಳ ಕಥೆ ನನಗೆ ಗೊತ್ತಾದದ್ದು ತಡವಾಗಿ, ಅದೂ ಪತ್ರಿಕೆಗಳಿಂದ. ಆರ್‌ಸಿಐ ಶುರುವಾದದ್ದು 1974ರಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ. ಜಾನ್ ಮತ್ತು ಕ್ರಿಸ್ಟಲ್ ಡೆಹಾನ್ ಎಂಬ ಗಂಡ ಹೆಂಡತಿ, ರಜೆಗೆಂದು ಫ್ಲ್ಯಾಟ್ ಕೊಂಡವರು ಅವನ್ನು ಪರಸ್ಪರ ಬದಲಿಸಿಕೊಳ್ಳಲಿ ಎಂದು ಆರಂಭಿಸಿದ್ದು. ಎರಡು ವರ್ಷದ ಮೇಲೆ ಮಯಾಮಿಯಲ್ಲಿ ಇಂಟರ್ವಲ್. ದಂಪತಿ ಬೇರೆಯಾದ ಮೇಲೆ 1989ರಲ್ಲಿ ಕ್ರಿಸ್ಟಲ್ ಗಂಡನ ಪಾಲನ್ನೂ ಕೊಂಡು ಕಂಪನಿಯನ್ನು ಒಬ್ಬರೇ ನಡೆಸಿದರು. 1996ರಲ್ಲಿ ನಮ್ಮ ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿದ್ದ ಎಚ್‌ಎಫ್‌ಎಸ್ ಎಂಬ ಸಂಸ್ಥೆಗೆ 60 ಕೋಟಿ ಡಾಲರಿಗೂ ಹೆಚ್ಚಿಗೆ ಮಾರಿದರು.

ಮುಂದಿನ ವರ್ಷ ಎಚ್‌ಎಫ್‌ಎಸ್ ಮತ್ತು ಸಿಯುಸಿ ಎಂಬ ಇನ್ನೊಂದು ಸಂಸ್ಥೆ ಒಂದಾಗಲು ಹೊರಟವು. ಸಿಯುಸಿ ಕೈಯಲ್ಲಿ ಇಂಟರ್ವಲ್ ಇತ್ತು. ಅಂದರೆ ಎರಡೂ ಎಕ್ಸ್‌ಚೇಂಜ್ ಕಂಪನಿಗಳು ಒಬ್ಬರ ಪಾಲಾಗುವುದರಲ್ಲಿದ್ದವು. ಫೆಡರಲ್ ಟ್ರೇಡ್ ಕಮಿಷನ್ ಅಡ್ಡ ಬಂದು, ಇಂಟರ್ವಲ್ಲನ್ನು ಬೇರೆಯವರಿಗೆ ಮಾರಿದರೆ ಮಾತ್ರ ಒಪ್ಪಿಗೆ ಎಂದಿತು. ಅದನ್ನು ಹೂಡಿಕೆದಾರರ ಒಂದು ಗುಂಪಿಗೆ ಮಾರಿದರು. ಸರ್ಕಾರದ ಆ ಒಂದು ತೀರ್ಮಾನ ಇಲ್ಲದಿದ್ದರೆ ಆರ್‌ಸಿಐಯೋ ಇಂಟರ್ವಲ್ಲೋ ಎಂಬ ಪ್ರಶ್ನೆಯೇ ಉಳಿಯುತ್ತಿರಲಿಲ್ಲ. ಟೈಮ್‌ಶೇರ್ ಇದ್ದವರಿಗೆ ಸರ್ಕಾರದಿಂದ ಆದ ದೊಡ್ಡ ಉಪಕಾರಗಳಲ್ಲಿ ಇದೊಂದು. ಆದರೆ ನಮ್ಮಲ್ಲಿ ಬಹಳ ಜನಕ್ಕೆ ಅದು ನಡೆದದ್ದೇ ತಿಳಿಯಲಿಲ್ಲ.

ಕ್ರಿಸ್ಟಲ್ ಡೆಹಾನ್ ಬಗ್ಗೆ ಇಲ್ಲೇ ಒಂದು ಮಾತು. ಕಂಪನಿ ಮಾರಿದ ಮೇಲೆ ಅವರು 1998ರಲ್ಲಿ ಕ್ರಿಸ್ಟಲ್ ಹೌಸ್ ಎಂಬ ಸಂಸ್ಥೆ ಕಟ್ಟಿ ಬಡ ಮಕ್ಕಳಿಗೆ ಶಾಲೆಗಳನ್ನು ತೆರೆದರು. ಅವುಗಳಲ್ಲಿ ಒಂದು ಬೆಂಗಳೂರಿನಲ್ಲಿದೆ, 2001ರಿಂದ. ಓದು, ಊಟ, ಆರೋಗ್ಯ ಎಲ್ಲವೂ ಮಕ್ಕಳಿಗೆ ಉಚಿತ. 2020ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗ ಈ ನಂಟು ನನಗೆ ತಿಳಿಯಿತು. ಪ್ರಪಂಚದ ನಾನಾ ಕಡೆಯವರು ವರ್ಷ ವರ್ಷ ಕಟ್ಟಿದ ಎಕ್ಸ್‌ಚೇಂಜ್ ಫೀಯಿಂದ ಬೆಳೆದ ಆಸ್ತಿಯ ಒಂದು ಪಾಲು ಬೆಂಗಳೂರಿನ ಕೂಲಿಕಾರರ ಮಕ್ಕಳ ಪುಸ್ತಕಕ್ಕೂ ಅನ್ನಕ್ಕೂ ಹೋಗಿದೆ. ಎಷ್ಟೇ ತಕರಾರಿದ್ದರೂ ಇದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ.

ಆರ್‌ಸಿಐ, ಇಂಟರ್ವಲ್ ಎರಡನ್ನು ಬಿಟ್ಟು ಸಣ್ಣ ಎಕ್ಸ್‌ಚೇಂಜ್ ಕಂಪನಿಗಳೂ ಇದ್ದವು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಡಯಲ್ ಆ್ಯನ್ ಎಕ್ಸ್‌ಚೇಂಜ್, ಕ್ಯಾಲಿಫೋರ್ನಿಯಾದ ಟ್ರೇಡಿಂಗ್ ಪ್ಲೇಸಸ್, ಸ್ಯಾನ್ ಫ್ರಾನ್ಸಿಸ್ಕೋದ ಎಸ್‌ಎಫ್‌ಎಕ್ಸ್. ಇವುಗಳಿಗೆ ರೆಸಾರ್ಟ್ ಕಟ್ಟಿದವನ ಕರಾರು ಬೇಕಿರಲಿಲ್ಲ. ಮಾಲೀಕರೇ ಹುಡುಕಿಕೊಂಡು ಬರಬೇಕು, ಬಂದವರು ಉಳಿಯಲೂ ಬೇಕು. ಡಯಲ್ ಆ್ಯನ್ ಎಕ್ಸ್‌ಚೇಂಜ್ ಸದಸ್ಯತ್ವಕ್ಕೆ ದುಡ್ಡು ಕೇಳುತ್ತಿರಲಿಲ್ಲ, ವಾರಕ್ಕೆ ವಾರ ಎಂಬ ಸರಳ ಲೆಕ್ಕ. ಎಸ್‌ಎಫ್‌ಎಕ್ಸ್ ಒಳ್ಳೆಯ ರೆಸಾರ್ಟಿನ ಒಳ್ಳೆಯ ವಾರವನ್ನಷ್ಟೇ ಮುಟ್ಟುತ್ತಿತ್ತು. ಸದಸ್ಯರ ಸಂಖ್ಯೆಯಲ್ಲಿ ಇವು ದೊಡ್ಡವರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಆದರೆ ನಿಜವಾದ ಮೆಚ್ಚುಗೆ ಎಲ್ಲಿತ್ತು ಎಂದು ಕೇಳಿದರೆ ನಾನು ಇವುಗಳ ಕಡೆ ಕೈ ತೋರಿಸುತ್ತೇನೆ. ಇಲ್ಲಿಗೆ ಬಂದವರು ಯಾರೂ ಬಲವಂತಕ್ಕೆ ಬಂದವರಲ್ಲ. ಫೋನ್ ಮಾಡಿದರೆ ನಮ್ಮ ಹೆಸರು ಗೊತ್ತಿರುವ ಮನುಷ್ಯರು ಮಾತಾಡುತ್ತಿದ್ದರು. ಸಿಗುವುದಿಲ್ಲ ಎಂದಾದರೆ ಸಿಗುವುದಿಲ್ಲ ಎಂದೇ ಹೇಳುತ್ತಿದ್ದರು.

ಅವು ಹಾಗೇ ಉಳಿಯಲಿಲ್ಲ. ಟ್ರೇಡಿಂಗ್ ಪ್ಲೇಸಸ್ಸನ್ನು 2010ರಲ್ಲಿ ಇಂಟರ್ವಲ್ಲಿನ ಮಾತೃಸಂಸ್ಥೆ ಕೊಂಡಿತು. ಡಯಲ್ ಆ್ಯನ್ ಎಕ್ಸ್‌ಚೇಂಜ್ ಸೆವೆನ್ ಅಕ್ರಾಸ್ ಎಂದು ಹೆಸರು ಬದಲಿಸಿಕೊಂಡಿತು, ಅದರ ಒಡೆತನ ಆರ್‌ಸಿಐ ಬಳಗಕ್ಕೆ ಸೇರಿತು.

ದೊಡ್ಡ ಬದಲಾವಣೆ ಶುರುವಾದದ್ದು ಇಂಟರ್ನೆಟ್ ಬಂದಾಗ. ಮೊದಮೊದಲು ಅದು ವರವಾಗಿಯೇ ಕಂಡಿತು. ರಾತ್ರಿ ಮಕ್ಕಳು ಮಲಗಿದ ಮೇಲೆ ನಾನೇ ಕೂತು ಯಾವ ಊರಲ್ಲಿ ಏನಿದೆ ಎಂದು ನೋಡಬಹುದಿತ್ತು. ಆದರೆ ಅದೇ ಇಂಟರ್ನೆಟ್ಟಿನಲ್ಲಿ ಇನ್ನೊಂದೂ ಕಂಡಿತು. ನಾವು ಕೇಳಿ ಕೇಳಿ ಇಲ್ಲ ಎನಿಸಿಕೊಂಡ ಕಡೆಯ ಮನೆಗಳು ಟೈಮ್‌ಶೇರ್ ಇಲ್ಲದ ಯಾರಿಗೆ ಬೇಕಾದರೂ ದಿನಬಾಡಿಗೆಗೆ ಸಿಗುತ್ತಿದ್ದವು, ಕೆಲವೊಮ್ಮೆ ನಮ್ಮ ಮೇಂಟೆನೆನ್ಸ್ ಫೀಗಿಂತ ಕಡಿಮೆ ದುಡ್ಡಿಗೆ. ಸದಸ್ಯರು ಡೆಪಾಸಿಟ್ ಮಾಡಿದ ಒಳ್ಳೆಯ ವಾರಗಳನ್ನು ಆರ್‌ಸಿಐ ಹೊರಗಿನವರಿಗೆ ಬಾಡಿಗೆಗೆ ಕೊಡುತ್ತಿದೆ ಎಂದು ಆರೋಪಿಸಿ 2006ರಲ್ಲಿ ನ್ಯೂಜೆರ್ಸಿಯ ಫೆಡರಲ್ ಕೋರ್ಟಿನಲ್ಲಿ ಮಾಲೀಕರು ಸಾಮೂಹಿಕ ಮೊಕದ್ದಮೆ ಹೂಡಿದರು. ಅದು ರಾಜಿಯಲ್ಲಿ ಮುಗಿಯಿತು. 2010ರ ಕೊನೆಗೆ ಆರ್‌ಸಿಐ ಪ್ರತಿ ವಾರದ ಟ್ರೇಡಿಂಗ್ ಪವರನ್ನು ಅಂಕಿಯಲ್ಲೇ ತೋರಿಸತೊಡಗಿತು. ದೊಡ್ಡ ಬೆಲೆಯ ವಾರ ಕೊಟ್ಟು ಸಣ್ಣದನ್ನು ತೆಗೆದುಕೊಂಡರೆ ಮಿಕ್ಕಿದ್ದು ಜಮೆಯಾಗಿ ಉಳಿಯುವ ಏರ್ಪಾಡೂ ಬಂತು.

ನಮ್ಮ ಜುಲೈ ವಾರದ ಅಂಕಿ ತೆರೆಯ ಮೇಲೆ ಮೂಡಿದ ದಿನ ನಾನು ಅದನ್ನು ಕಾಗದದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಆರ್ಲಾಂಡೋದ ಸೆಪ್ಟೆಂಬರಿನ ಎರಡು ವಾರ ತೆಗೆದುಕೊಂಡರೂ ಮಿಗುವಷ್ಟಿತ್ತು. ಅಷ್ಟು ವರ್ಷ ಒಂದಕ್ಕೆ ಒಂದು ಎಂದು ಬದಲಿಸಿಕೊಂಡಾಗ ಆ ಹೆಚ್ಚಿನ ಪಾಲು ಎಲ್ಲಿ ಹೋಯಿತು? ಈ ಪ್ರಶ್ನೆಗೆ ಉತ್ತರ ಕೊಡುವವರು ಯಾರೂ ಇರಲಿಲ್ಲ. ಆದರೂ ಹೇಳುತ್ತೇನೆ, ಆರ್‌ಸಿಐಯ ಮೇಲೆ ಮಾಲೀಕರ ನಂಬಿಕೆ ಸ್ವಲ್ಪವಾದರೂ ಮರಳಿದ್ದು ಈ ಅಂಕಿಗಳಿಂದ. ಬಾಯಿಮಾತಿನಲ್ಲಿ ತಿಳಿದುಕೊಳ್ಳಬೇಕಿದ್ದನ್ನು ಎಲ್ಲರೂ ನೋಡುವಂತಾಯಿತು.

ಅಷ್ಟರಲ್ಲಿ ಕಾಲ ಬೇರೆ ಕಡೆಗೆ ತಿರುಗಿತ್ತು. ಎಚ್‌ಎಫ್‌ಎಸ್ ಮತ್ತು ಸಿಯುಸಿ ಒಂದಾಗಿ ಆರ್‌ಸಿಐಯ ಒಡೆಯರಾದ ಸೆಂಡೆಂಟ್ ಸಂಸ್ಥೆ 2001ರಲ್ಲಿ ಫೇರ್‌ಫೀಲ್ಡ್ ಎಂಬ ದೊಡ್ಡ ಟೈಮ್‌ಶೇರ್ ಕಂಪನಿಯನ್ನು ಕೊಂಡಿತ್ತು, ಅದೇ ಮುಂದೆ ವಿಂಡ್‌ಹಮ್ ಆಯಿತು. ಇಂಟರ್ವಲ್ 2018ರಲ್ಲಿ ಮ್ಯಾರಿಯಟ್ ವೆಕೇಷನ್ಸ್ ಪಾಲಾಯಿತು. ಅಂದರೆ ಡೆಹಾನ್ ದಂಪತಿ ಶುರುಮಾಡಿದಾಗ ಎಕ್ಸ್‌ಚೇಂಜ್ ನಡೆಸುವವರು ಬೇರೆ, ರೆಸಾರ್ಟ್ ಮಾರುವವರು ಬೇರೆ. ಈಗ ಎರಡೂ ಕಡೆ ಮಾರುವವರ ಮನೆಯಲ್ಲೇ ಎಕ್ಸ್‌ಚೇಂಜ್ ಇದೆ. ಮಾರುವುದೂ ವಾರಗಳನ್ನಲ್ಲ, ಪಾಯಿಂಟುಗಳನ್ನು. ಆರ್‌ಸಿಐ 2000ದಲ್ಲೇ ಪಾಯಿಂಟ್ಸ್ ತಂದಿತು, ಮ್ಯಾರಿಯಟ್ 2010ರಲ್ಲಿ. ಪಾಯಿಂಟು ಇದ್ದವರು ತಮ್ಮ ಚೈನಿನೊಳಗೇ ಊರೂರು ಸುತ್ತಬಹುದು, ಹೊರಗಿನ ಎಕ್ಸ್‌ಚೇಂಜಿಗೆ ಬರುವ ಅಗತ್ಯ ಕಡಿಮೆ. ಒಳ್ಳೆಯ ಮನೆಗಳು ಒಳಗೊಳಗೇ ಖರ್ಚಾಗುತ್ತವೆ. ಹೊರಗೆ ಬರುವುದು ಮಿಕ್ಕಿದ್ದು. ಸದಸ್ಯರ ಸಂಖ್ಯೆ ಇನ್ನೂ ಲಕ್ಷಗಳಲ್ಲೇ ಇದೆ, ಅವರು ಡೆಪಾಸಿಟ್ ಮಾಡುವುದರಲ್ಲಿ ಮಾತ್ರ ಹಿಂದಿನ ಸತ್ವವಿಲ್ಲ.

ಮಾಲೀಕರ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಡಿಸ್ನಿಯವರಲ್ಲಿ ಚೆನ್ನಾಗಿ ನೋಡಬಹುದು. 1991ರಲ್ಲಿ ಶುರುವಾದ ಅವರ ಟೈಮ್‌ಶೇರ್, ಡಿಸ್ನಿ ವೆಕೇಷನ್ ಕ್ಲಬ್, 2008ರ ಕೊನೆಯವರೆಗೂ ಇಂಟರ್ವಲ್ಲಿನಲ್ಲಿತ್ತು. 2009ರ ಜನವರಿಯಿಂದ ಆರ್‌ಸಿಐಗೆ ಹೋಯಿತು. 2022ರ ಜನವರಿಯಲ್ಲಿ ಮತ್ತೆ ಇಂಟರ್ವಲ್ಲಿಗೆ ಬಂತು. ಅಷ್ಟೂ ಸದಸ್ಯರು ಒಂದು ರಾತ್ರಿ ಈ ಕಡೆ ಮಲಗಿ ಬೆಳಗ್ಗೆ ಆ ಕಡೆ ಎದ್ದರು. ಕಂಪನಿಗಳು ತಮ್ಮ ಸಂಖ್ಯೆಯನ್ನು ಸೇರಿಸಿಕೊಂಡವು, ಕಳೆದುಕೊಂಡವು. ನಮ್ಮ ಪರಿಚಯದ ಡಿಸ್ನಿ ಸದಸ್ಯರ ಮನೆಗೆ ಬಂದದ್ದು ಒಂದು ತಿಳಿವಳಿಕೆ ಪತ್ರ ಮಾತ್ರ. ಯಾವುದು ಬೇಕು ಎಂದು ಯಾರೂ ಅವರನ್ನು ಕೇಳಲಿಲ್ಲ. ಡಿಸ್ನಿ ಮನೆಗಳಿಗಾಗಿ ಆರ್‌ಸಿಐಗೇ ವಾರ ಕೊಡುತ್ತ ಬಂದಿದ್ದ ನಾವು ಆ ವರ್ಷ ಮತ್ತೆ ಇಂಟರ್ವಲ್ ಕಡೆ ತಿರುಗಿದೆವು.

ಭಾರತದ ಚಿತ್ರ ಬೇರೆ. ಮೈಸೂರಿನಲ್ಲಿರುವ ನನ್ನ ತಮ್ಮ ಕ್ಲಬ್ ಮಹೀಂದ್ರಾ ಸದಸ್ಯ. 1996ರಲ್ಲಿ ಶುರುವಾದ ಆ ಕ್ಲಬ್ಬಿನಲ್ಲಿ ಡೀಡ್ ಇಲ್ಲ, ಇಪ್ಪತ್ತೈದು ವರ್ಷದ ಸದಸ್ಯತ್ವ ಇದೆ. ನೇರಳೆ, ಕೆಂಪು, ಬಿಳಿ, ನೀಲಿ ಎಂದು ಕಾಲಕ್ಕೆ ಬಣ್ಣ ಕೊಟ್ಟಿದ್ದಾರೆ. ಅಲ್ಲಿ ಆರ್‌ಸಿಐ ಜೊತೆಗೇ ಬರುತ್ತದೆ. ಅವನ ಸಂಸಾರ ಮಡಿಕೇರಿ, ಮುನ್ನಾರು, ಊಟಿಗೆ ಹೋಗಿಬರುತ್ತದೆ.

"ಆರ್‌ಸಿಐಲಿ ಹೊರದೇಶಕ್ಕೆ ಯಾಕೆ ಹೋಗಲ್ವೋ?" ಎಂದು ಕೇಳಿದ್ದೆ.

"ಅಕ್ಕಾ, ವಿಮಾನದ ಚಾರ್ಜು, ವೀಸಾ ಎಲ್ಲ ಸೇರಿದರೆ ಮನೆ ಬಾಡಿಗೆ ಉಳಿದಿದ್ದು ಯಾವ ಲೆಕ್ಕ? ನಮಗೆ ರಜೆ ಸಿಗೋದು ದಸರಾಕ್ಕೆ, ಮೇ ತಿಂಗಳಿಗೆ. ಆಗ ಕೂರ್ಗಿನಲ್ಲಿ ರೂಮ್ ಸಿಕ್ಕರೆ ಸಾಕಾಗಿದೆ" ಎಂದ.

ಅವನೂ ಆರ್‌ಸಿಐ ಸದಸ್ಯರ ಲೆಕ್ಕದಲ್ಲಿದ್ದಾನೆ. ಒಂದು ಸಲವೂ ಅದನ್ನು ಬಳಸಿಲ್ಲ. ಅಂಥವರು ಎಷ್ಟು ಲಕ್ಷವೋ.

ಈಗ ನಮ್ಮ ಕೂಟದ ಊಟದ ಸಾಲಿನಲ್ಲಿ ಆರ್‌ಸಿಐ, ಇಂಟರ್ವಲ್ ಮಾತು ಎತ್ತುವವರು ನಮ್ಮ ವಯಸ್ಸಿನವರು ಮಾತ್ರ. ಮೂವತ್ತರ ಹರೆಯದ ಮಕ್ಕಳು ಏರ್‌ಬಿಎನ್‌ಬಿಯಲ್ಲಿ ಅಡುಗೆಮನೆ ಇರುವ ಮನೆಯನ್ನೇ ಹಿಡಿಯುತ್ತಾರೆ, ಬೇಕಾದ ಊರಿನಲ್ಲಿ, ಬೇಕಾದ ದಿನಕ್ಕೆ, ಮೂರು ರಾತ್ರಿಗಾದರೂ ಸರಿ. ಅವರಿಗೆ ವಾರ ಡೆಪಾಸಿಟ್ ಮಾಡುವ ಮಾತು ಅರ್ಥವಾಗುವುದಿಲ್ಲ, ಅರ್ಥವಾಗಬೇಕಾದ ಅಗತ್ಯವೂ ಇಲ್ಲ. ನಮ್ಮ ಪೀಳಿಗೆಯ ಕೆಲವರು ಮೇಂಟೆನೆನ್ಸ್ ಕಟ್ಟಲಾರದೆ ವಾರವನ್ನು ರೆಸಾರ್ಟಿಗೇ ವಾಪಸ್ ಕೊಡಲು ಓಡಾಡುತ್ತಿದ್ದಾರೆ. ಬಿಡಿಸಿಕೊಡುತ್ತೇವೆ ಎಂದು ಮುಂಗಡ ಸಾವಿರಾರು ಡಾಲರ್ ಕೇಳುವವರ ಫೋನು ಬಂದರೆ ಇಟ್ಟುಬಿಡಿ, ಮೊದಲು ನಿಮ್ಮ ರೆಸಾರ್ಟಿನ ಕಚೇರಿಗೇ ಬರೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೆಲವು ರೆಸಾರ್ಟುಗಳು ಬಾಕಿಯಿಲ್ಲದ ವಾರವನ್ನು ಹಾಗೆ ಹಿಂದಕ್ಕೆ ತೆಗೆದುಕೊಳ್ಳುತ್ತವೆ.

ಖರ್ಚಿನ ಲೆಕ್ಕವೂ ಬದಲಾಗಿದೆ. ಆಗ ಎಕ್ಸ್‌ಚೇಂಜ್ ಫೀ ನೂರು ಡಾಲರಿನ ಆಸುಪಾಸು, ಈಗ ಇನ್ನೂರು ದಾಟಿದೆ. ಅದರ ಮೇಲೆ ವರ್ಷದ ಸದಸ್ಯತ್ವ. ಮೇಂಟೆನೆನ್ಸ್ ಅಮೆರಿಕದಲ್ಲಿ ಸರಾಸರಿ ಸಾವಿರ ಡಾಲರಿನ ಮೇಲೆ. ಎಲ್ಲ ಕೂಡಿಸಿದರೆ ಸಾಧಾರಣ ಊರಿನ ಸಾಧಾರಣ ವಾರಕ್ಕೆ ಬಾಡಿಗೆ ಕೊಟ್ಟು ಹೋಗುವುದೇ ಮೇಲು. ಎಕ್ಸ್‌ಚೇಂಜ್ ಇನ್ನೂ ಲಾಭವಾಗುವುದು ಬಾಡಿಗೆ ವಿಪರೀತ ಇರುವ ಕಡೆ, ಶಾಲೆಯ ರಜೆಯಲ್ಲಿ, ಎರಡು ಬೆಡ್‌ರೂಮಿನ ಮನೆಗೆ ಮಾತ್ರ. ಯಾರಾದರೂ ಈಗ ಕೇಳಿದರೆ ನಾನು ಹೇಳುವುದು ಇಷ್ಟು: ಹೆಸರಾಂತ ಹೋಟೆಲಿನ ಮನೆ ಬೇಕಿದ್ದು, ನಿಮ್ಮ ವಾರ ಚೆನ್ನಾಗಿದ್ದರೆ ಇಂಟರ್ವಲ್; ಊರು ಮುಖ್ಯವಾಗಿದ್ದು, ಅಂಕಿ ನೋಡಿ ಲೆಕ್ಕ ಹಾಕುವ ಮನಸ್ಸಿದ್ದರೆ ಆರ್‌ಸಿಐ; ವಾರಕ್ಕೆ ಒಳ್ಳೆಯ ಬಾಡಿಗೆ ಬರುವಂತಿದ್ದರೆ ಎರಡೂ ಬೇಡ.

ನಮ್ಮ ಪೋಕೋನೋಸ್ ವಾರಕ್ಕೆ ಬಾಡಿಗೆ ಬರುತ್ತದೆ, ಜುಲೈ ಆದ್ದರಿಂದ. ಕೆಲವು ವರ್ಷಗಳಿಂದ ಅದನ್ನು ಯಾವ ಕಂಪನಿಗೂ ಡೆಪಾಸಿಟ್ ಮಾಡದೆ ಕೂಟದ ಪರಿಚಯದವರಿಗೇ ಕೊಡುತ್ತಿದ್ದೇವೆ. ಅವರು ಕೊಡುವುದು ಆ ವರ್ಷದ ಮೇಂಟೆನೆನ್ಸ್ ಎಷ್ಟೋ ಅಷ್ಟು. ಆ ದುಡ್ಡಿನಲ್ಲಿ ನಾವು ರೆಸಾರ್ಟಿನ ಬಿಲ್ಲು ಕಟ್ಟುತ್ತೇವೆ. ಆರ್‌ಸಿಐ ಸದಸ್ಯತ್ವ ಮುಗಿದಿದೆ, ಇಂಟರ್ವಲ್ಲಿನದು ಮುಂದಿನ ಮಾರ್ಚಿಗೆ ಮುಗಿಯುತ್ತದೆ. ನವೀಕರಿಸುವ ಯೋಚನೆಯಿಲ್ಲ.